ಇಲ್ಲಿ ಚಾಂಪಿಯನ್ ಆದ ಮೇಲೆ ವಿದೇಶಕ್ಕೆ ಹೋಗಬೇಕಾ? ತಮ್ಮನಿಗಾಗಿ ನಾವು ಓಡಾಡಿದ ಕತೆ

ನನ್ನ ತಮ್ಮ ಕಾರ್ ರೇಸರ್. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಇಂಡಿಯನ್ ಟೂರಿಂಗ್ ಕಾರ್ಸ್ ಕ್ಲಾಸ್ (ರಸ್ತೆಯ ಕಾರನ್ನೇ ರೇಸ್‌ಗೆ ಮಾರ್ಪಡಿಸಿ ಓಡಿಸುವ ವಿಭಾಗ) ಗೆದ್ದವನು. ಟ್ರೋಫಿ ಮನೆಗೆ ಬಂದ ವಾರದಿಂದಲೇ ಸಿಕ್ಕವರೆಲ್ಲ ಕೇಳಿದ್ದು ಒಂದೇ ಮಾತು, "ಮುಂದೆ ಯೂರೋಪ್ ತಾನೇ?" ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನಮಗೆ ಒಂದು ವರ್ಷಕ್ಕಿಂತ ಜಾಸ್ತಿ ಹೋಯಿತು. ಗಾಡಿ ಓಡಿಸುವವನು ಅವನು. ಇಮೇಲ್, ಲೈಸೆನ್ಸ್, ವೀಸಾ, ಬ್ಯಾಂಕ್, ಕರಾರು ಎಲ್ಲ ನೋಡಿಕೊಂಡವಳು ಅಕ್ಕನಾದ ನಾನು. ಹೋದ ವಾರ ಸಹಿ ಆಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಯಾಕೆಂದರೆ ನಾನು ಹುಡುಕಿದಾಗ ಸಿಕ್ಕಿದ್ದೆಲ್ಲ ಕಾರ್ಟಿಂಗ್‌ನಿಂದ ಮೇಲೆ ತೆರೆದ ಫಾರ್ಮುಲಾ ಕಾರಿಗೆ ಹೋಗುವ ಮಕ್ಕಳ ಬಗ್ಗೆ. ಇಪ್ಪತ್ತು ದಾಟಿದ ಮೇಲೆ ರೇಸಿಂಗ್ ಶುರು ಮಾಡಿ, ಮೇಲೆ ಮುಚ್ಚಿದ ಕಾರಿನಲ್ಲೇ ಗೆದ್ದವರು ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ.

ಮೊದಲು, ಹೋಗಬೇಕು ಅನ್ನಿಸಿದ್ದು ಯಾಕೆ ಅಂತ ಹೇಳುತ್ತೇನೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ 3.7 ಕಿಲೋಮೀಟರ್. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, 2.1 ಕಿಲೋಮೀಟರ್. ಇವೆರಡರ ಒಂದೊಂದು ತಿರುವೂ ತಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ದೊಡ್ಡದು, 5 ಕಿಲೋಮೀಟರ್ ದಾಟುತ್ತದೆ, 2011ರಿಂದ 2013ರವರೆಗೆ ಎಫ್1 ನಡೆದ ಜಾಗ. ಅಲ್ಲಿ ಓಡಿಸುವ ಅವಕಾಶ ಸಿಗುವುದು ಅಪರೂಪ. ಕ್ಲಾಸ್‌ನಲ್ಲಿ ನಿಜವಾಗಿ ಪೈಪೋಟಿ ಕೊಡುವವರು ಬೆರಳೆಣಿಕೆ. ಗೆದ್ದರೂ ಯಾವ ಕಾರ್ ಕಂಪನಿಯೂ ಸಂಬಳ ಕೊಟ್ಟು ಕರೆಯುವುದಿಲ್ಲ. "ಅಕ್ಕಾ, ಇಲ್ಲೇ ಇದ್ದರೆ ಗೆಲ್ತಾ ಇರ್ತೀನಿ, ಆದರೆ ಕಲಿಯೋದು ನಿಂತುಹೋಗುತ್ತೆ" ಅಂದ. ಆ ಮಾತು ನನಗೆ ತಟ್ಟಿತು.

ಅಪ್ಪ ಬೇರೆ ಥರ ಯೋಚಿಸಿದರು. ತುಮಕೂರಿನಲ್ಲಿ ಒಂದು ಸೈಟಿದೆ, ಮಾರಿಬಿಡೋಣ, ಹುಡುಗನ ವಯಸ್ಸು ಮತ್ತೆ ಬರುತ್ತಾ ಅಂತ. ಅಮ್ಮ ಏನೂ ಹೇಳಲಿಲ್ಲ, ಆದರೆ ಆ ರಾತ್ರಿ ಊಟ ಮಾಡಲಿಲ್ಲ. ಸೈಟು ಮಾರುವ ಮಾತನ್ನು ಕೊನೆಯವರೆಗೂ ಪಕ್ಕಕ್ಕಿಡೋಣ ಅಂತ ನಾನು ಹಠ ಹಿಡಿದೆ. ಎಲ್ಲ ಲೆಕ್ಕ ಆದಮೇಲೂ ಅದೇ ಸರಿ ಅನ್ನುತ್ತೇನೆ.

ನಮ್ಮ ವಾದಗಳಲ್ಲಿ ಪದೇ ಪದೇ ಬರುತ್ತಿದ್ದದ್ದು ಆಸ್ಟ್ರೇಲಿಯಾದ ದೊಡ್ಡ ಟೂರಿಂಗ್ ಕಾರ್ ಸರಣಿ ಸೂಪರ್‌ಕಾರ್ಸ್‌ನ ಚಾಂಪಿಯನ್ನರು. ತಮ್ಮನಿಗೆ ಶೇನ್ ವಾನ್ ಗಿಸ್ಬರ್ಗನ್ ಅಂದರೆ ಪ್ರಾಣ. ಮೂರು ಸಲ ಸೂಪರ್‌ಕಾರ್ಸ್ ಗೆದ್ದವರು, 2023ರಲ್ಲಿ ಶಿಕಾಗೋ ಬೀದಿ ರೇಸ್‌ನಲ್ಲಿ ಅಮೆರಿಕಾದ ದೊಡ್ಡ ಕಾರ್ ರೇಸ್ ಸರಣಿ ನಾಸ್ಕಾರ್ ಕಪ್‌ಗೆ ಕಾಲಿಟ್ಟ ಮೊದಲ ದಿನವೇ ಗೆದ್ದರು. ಸ್ಕಾಟ್ ಮೆಕ್‌ಲಾಫ್ಲಿನ್ 2018, 2019, 2020 ಮೂರೂ ವರ್ಷ ಚಾಂಪಿಯನ್, ಆಮೇಲೆ ಅಮೆರಿಕಾದ ಫಾರ್ಮುಲಾ ಮಾದರಿ ಕಾರುಗಳ ಸರಣಿ ಇಂಡಿಕಾರ್‌ಗೆ ಹೋಗಿ 2022ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗೆದ್ದರು. ನಾನು ತೋರಿಸುತ್ತಿದ್ದದ್ದು ಮಾರ್ಕೋಸ್ ಆಂಬ್ರೋಸ್ ಅವರನ್ನು. 2003 ಮತ್ತು 2004ರ ಚಾಂಪಿಯನ್. 2006ರಲ್ಲಿ ಅಮೆರಿಕಾಕ್ಕೆ ಹೋಗಿ ಟ್ರಕ್ ರೇಸ್‌ನಿಂದ ಶುರು ಮಾಡಿದರು. ನಾಸ್ಕಾರ್ ಕಪ್‌ನಲ್ಲಿ ಗೆದ್ದದ್ದು 2011 ಮತ್ತು 2012ರಲ್ಲಿ, ಎರಡೂ ವಾಟ್ಕಿನ್ಸ್ ಗ್ಲೆನ್ ರೋಡ್ ಕೋರ್ಸ್‌ನಲ್ಲಿ. 2015ರಲ್ಲಿ ವಾಪಸ್ ಸೂಪರ್‌ಕಾರ್ಸ್‌ಗೆ ಬಂದರು, ಸೀಸನ್ ಶುರುವಾದ ಸ್ವಲ್ಪದರಲ್ಲೇ ಸೀಟು ಬಿಟ್ಟುಕೊಟ್ಟರು. ವಾನ್ ಗಿಸ್ಬರ್ಗನ್ ಕೂಡ 2025ರಲ್ಲಿ ಗೆದ್ದ ಐದೂ ಕಪ್ ರೇಸ್‌ಗಳು ಎಡಬಲ ತಿರುವಿರುವ ಟ್ರ್ಯಾಕ್‌ಗಳಲ್ಲೇ, ನಾಸ್ಕಾರ್ ಜಾಸ್ತಿ ಓಡುವ ಅಂಡಾಕಾರದ ಓವಲ್‌ಗಳಲ್ಲಿ ಅಲ್ಲ. ಹೋದ ಕಡೆ ಎಲ್ಲರೂ ಮೊದಲಿನಿಂದ ಕಲಿಯಬೇಕಾಯಿತು ಅಂತ ನನಗೆ ಕಂಡಿತು. ಅವರ ಹಿಂದೆ ಪೆನ್ಸ್ಕೆ, ಟ್ರ್ಯಾಕ್‌ಹೌಸ್ ಥರದ ದೊಡ್ಡ ತಂಡಗಳು ಹಣ ಹಾಕಿದ್ದವು. ನಮ್ಮ ಹಿಂದೆ ಯಾರಿದ್ದಾರೆ?

ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2021ರಲ್ಲಿ ಜರ್ಮನಿಯ ದೊಡ್ಡ ಕಾರ್ ರೇಸ್ ಸರಣಿ ಡಿಟಿಎಂಗೆ ಹೋದರು. ಅಲ್ಲಿಗೆ ಹೋದ ಮೊದಲ ಭಾರತೀಯ. ಮನೆಗೆ ಬಂದವರೆಲ್ಲ ಅವರ ಹೆಸರು ಹೇಳುತ್ತಿದ್ದರು. ಆದರೆ ಅವರ ದಾರಿ ಬೇರೆ. ಚಿಕ್ಕಂದಿನಲ್ಲೇ ಕಾರ್ಟಿಂಗ್, ಆಮೇಲೆ ಬ್ರಿಟನ್‌ನ ಎಫ್4, 2018ರಲ್ಲಿ ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2. ಡಿಟಿಎಂ ಹೊತ್ತಿಗೆ ಅವರಿಗೆ ಯೂರೋಪ್‌ನ ಟ್ರ್ಯಾಕ್‌ಗಳೆಲ್ಲ ಪರಿಚಯವಿದ್ದವು. ಅದನ್ನು ನೋಡಿ ನಾವೂ ಹಾಗೇ ಹೋಗಬಹುದು ಅಂದುಕೊಳ್ಳಲು ಬರುವುದಿಲ್ಲ.

ನಮಗೆ ಹೊಂದುವ ದಾರಿ ಅಂದರೆ ಟಿಸಿಆರ್ ಅನ್ನುವ ಟೂರಿಂಗ್ ಕಾರ್ ರೇಸ್. 2015ರಲ್ಲಿ ಶುರುವಾದ ಈ ನಿಯಮದ ಕಾರುಗಳು ಏಷ್ಯಾ, ಯೂರೋಪ್, ಆಸ್ಟ್ರೇಲಿಯಾ ಎಲ್ಲ ಕಡೆ ಓಡುತ್ತವೆ. ಹೋಂಡಾ ಸಿವಿಕ್, ಹ್ಯುಂಡೈ ಎಲಾಂಟ್ರಾ, ಆಡಿ ಆರ್‌ಎಸ್3 ಇಂಥವು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಎರಡು ಲೀಟರ್ ಟರ್ಬೊ ಎಂಜಿನ್, ಸುಮಾರು 350 ಹಾರ್ಸ್‌ಪವರ್. ನಮ್ಮವನೂ ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲೇ ಬೆಳೆದವನು, ಹಾಗಾಗಿ ಇದು ಪೂರ್ತಿ ಹೊಸ ವಿದ್ಯೆಯಲ್ಲ.

ತಂಡಗಳಿಗೆ ಇಮೇಲ್ ಹಾಕಲು ಶುರು ಮಾಡಿದೆ. ಲ್ಯಾಪ್ ಟೈಮ್, ವಿಡಿಯೋ, ಚಾಂಪಿಯನ್‌ಷಿಪ್ ಪಟ್ಟಿ ಎಲ್ಲ ಸೇರಿಸಿ ಚಂದದ ಫೈಲ್ ಮಾಡಿದ್ದೆ. ಜಾಸ್ತಿ ಜನ ಉತ್ತರಿಸಲೇ ಇಲ್ಲ. ಉತ್ತರಿಸಿದವರ ಮೊದಲ ಪ್ರಶ್ನೆ ಒಂದೇ: ನಿಮ್ಮ ಬಜೆಟ್ ಎಷ್ಟು? ತಮ್ಮನಿಗೆ ಇದು ತುಂಬ ನೋವು ಕೊಟ್ಟಿತು. ಚಾಂಪಿಯನ್ ಅಂತ ಬರೆದ ಸಾಲನ್ನು ಅವರು ಓದಿದ್ದಾರಾ ಅಂತಲೇ ಗೊತ್ತಾಗುತ್ತಿರಲಿಲ್ಲ. ನಿಧಾನವಾಗಿ ಅರ್ಥವಾಯಿತು, ಅಲ್ಲಿ ಸೀಟು ಅನ್ನುವುದು ಬಾಡಿಗೆಗೆ ಕೊಡುವ ವಸ್ತು. ಒಂದು ಪೂರ್ತಿ ಸೀಸನ್‌ಗೆ ನಮಗೆ ಬಂದ ದರ ಒಂದೂವರೆ ಕೋಟಿ ದಾಟಿತ್ತು. ಅದರಲ್ಲಿ ವಿಮಾನ, ಹೋಟೆಲ್, ಅಪಘಾತವಾದರೆ ರಿಪೇರಿ ಖರ್ಚು ಯಾವುದೂ ಸೇರಿಲ್ಲ.

ಮಧ್ಯೆ ಒಬ್ಬ ಏಜೆಂಟ್ ಸಿಕ್ಕರು. ಈ ತಿಂಗಳೊಳಗೆ ಮುಂಗಡ ಕೊಟ್ಟರೆ ಸೀಟು ಹಿಡಿದಿಡುತ್ತೇನೆ, ಇಲ್ಲದಿದ್ದರೆ ಬೇರೆಯವರಿಗೆ ಹೋಗುತ್ತದೆ ಅಂತ ದಿನಾ ಫೋನ್. ಮುಂಗಡ ವಾಪಸ್ ಬರುತ್ತದಾ ಅಂತ ಬರಹದಲ್ಲಿ ಕೇಳಿದೆ. ಅಲ್ಲಿಂದ ಫೋನ್ ನಿಂತಿತು. ದಯವಿಟ್ಟು ನೇರವಾಗಿ ತಂಡದ ಜೊತೆಗೇ ಮಾತಾಡಿ. ಅವರ ಕಾರು ಈಗ ಎಲ್ಲಿದೆ, ಹೋದ ಸೀಸನ್‌ನಲ್ಲಿ ಯಾರು ಓಡಿಸಿದರು ಅಂತ ಕೇಳಿ, ಆ ಡ್ರೈವರ್‌ಗೇ ಒಂದು ಮೆಸೇಜ್ ಹಾಕಿ. ನಾನು ಹಾಗೆ ಕೇಳಿದ ಒಬ್ಬ ಡ್ರೈವರ್ ಎಷ್ಟು ವಿವರವಾಗಿ ಉತ್ತರ ಬರೆದರೆಂದರೆ, ನಮ್ಮ ಮುಕ್ಕಾಲು ಗೊಂದಲ ಅಲ್ಲೇ ಮುಗಿಯಿತು. ಪೂರ್ತಿ ಸೀಸನ್ ಬೇಡ, ಮೊದಲು ಒಂದು ಟೆಸ್ಟ್ ಮಾಡಿ ಅಂತ ಹೇಳಿದ್ದೂ ಅವರೇ. ಇಟಲಿಯ ಒಂದು ಚಿಕ್ಕ ತಂಡ ಮಿಸಾನೊ ಟ್ರ್ಯಾಕ್‌ನಲ್ಲಿ ಟೆಸ್ಟ್‌ಗೆ ಒಪ್ಪಿತು.

ಇಲ್ಲಿಂದ ಕಾಗದದ ಕೆಲಸ ಶುರು.

ವಿದೇಶದಲ್ಲಿ ರೇಸ್ ಮಾಡಬೇಕೆಂದರೆ ರಾಷ್ಟ್ರೀಯ ಲೈಸೆನ್ಸ್ ಸಾಲದು, ಇಂಟರ್‌ನ್ಯಾಷನಲ್ ದರ್ಜೆ ಬೇಕು. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಮೋಟಾರ್ ಕ್ರೀಡೆಯ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ, ಚೆನ್ನೈನಲ್ಲಿದೆ. ಇಲ್ಲಿ ಓಡಿದ ರೇಸ್‌ಗಳ ದಾಖಲೆ, ಮೆಡಿಕಲ್ ಪತ್ರ, ಫೋಟೋ, ಶುಲ್ಕ ಕೊಡಬೇಕು. ಮೆಡಿಕಲ್‌ನಲ್ಲಿ ಕಣ್ಣು, ಬಣ್ಣ ಗುರುತಿಸುವುದು, ರಕ್ತದ ಗುಂಪು, ಇಸಿಜಿ ಎಲ್ಲ ನೋಡುತ್ತಾರೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಲೈಸೆನ್ಸ್ ಇದ್ದರೂ ಹೊರದೇಶದ ರೇಸ್‌ಗೆ ನಮ್ಮ ಸಂಸ್ಥೆಯ ಅನುಮತಿ ಪತ್ರ ಬೇರೆಯಾಗಿ ಬೇಕು. ಅಲ್ಲಿನ ಸಂಘಟಕರು ಅದನ್ನು ಕೇಳುತ್ತಾರೆ. ರೇಸ್ ವಾರದಲ್ಲಿ ಕೇಳಿದರೆ ಪರದಾಟ, ಹಾಗಾಗಿ ಎಂಟ್ರಿ ಹಾಕುವಾಗಲೇ ತೆಗೆದುಕೊಳ್ಳಿ.

ನಾವು ಸಿಕ್ಕಿಕೊಂಡದ್ದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಇರುತ್ತದೆ ಅಲ್ವಾ. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಲೈಸೆನ್ಸ್‌ನಲ್ಲಿ ಒಂದು ಅಕ್ಷರ, ಪಾನ್ ಕಾರ್ಡ್‌ನಲ್ಲಿ ಊರಿನ ಹೆಸರೂ ಸೇರಿ ಮೂರು ಪದ. ಇಲ್ಲಿ ಯಾರಿಗೂ ಇದು ಸಮಸ್ಯೆಯಲ್ಲ. ಆದರೆ ಇಟಲಿಯ ತಂಡ ಲೈಸೆನ್ಸ್ ನೋಡಿ ಒಂದು ಹೆಸರಿಗೆ ಆಹ್ವಾನ ಪತ್ರ ಬರೆಯಿತು, ವೀಸಾ ಅರ್ಜಿಯಲ್ಲಿ ಇನ್ನೊಂದು ಹೆಸರು, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಮತ್ತೊಂದು. ಕೌಂಟರಿನಲ್ಲಿದ್ದವರು ಫೈಲ್ ವಾಪಸ್ ಕೊಟ್ಟರು. ಅಫಿಡವಿಟ್ ಮಾಡಿಸಿ, ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಆಹ್ವಾನ ಪತ್ರ ಮತ್ತೆ ತರಿಸಿ, ಲೈಸೆನ್ಸ್‌ನಲ್ಲೂ ಹೆಸರು ಬದಲಿಸಿಕೊಂಡೆವು. ಅಷ್ಟರಲ್ಲಿ ಮೊದಲು ಗೊತ್ತು ಮಾಡಿದ್ದ ಟೆಸ್ಟ್ ದಿನ ಕೈತಪ್ಪಿತು. ತಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಅವನಿಗೆ ನನ್ನ ಮೇಲೆ ಕೋಪವಿರಲಿಲ್ಲ, ಕೈ ಕಟ್ಟಿ ಕೂರುವ ಆ ಸ್ಥಿತಿ ಅವನಿಗೆ ತಡೆಯಲು ಆಗುತ್ತಿರಲಿಲ್ಲ. ನೀವು ಹೊರಡುವವರಾದರೆ ಬೇರೇನೂ ಮಾಡುವ ಮೊದಲು ಎಲ್ಲ ಕಾಗದದಲ್ಲೂ ಪಾಸ್‌ಪೋರ್ಟ್‌ನ ಹೆಸರೇ ಇರುವ ಹಾಗೆ ಮಾಡಿಕೊಳ್ಳಿ.

ವೀಸಾ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಪೂರ್ತಿ ಸೀಸನ್ ಬೇಡ ಅಂತ ನನಗೆ ಅನ್ನಿಸಿದ್ದೇ ಇದರಿಂದ. ಷೆಂಗೆನ್ (ಯೂರೋಪ್‌ನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಅನ್ನುವ ಕಡೆ ಕ್ರೀಡೆ ಅಂತಲೇ ಒಂದು ಆಯ್ಕೆ ಇದೆ. ಸುಮ್ನೆ ಪ್ರವಾಸ ಅಂತ ಗುರುತು ಹಾಕಿ ಹೆಲ್ಮೆಟ್ ಹಿಡಿದುಕೊಂಡು ಹೋಗಬೇಡಿ. ತಂಡದ ಆಹ್ವಾನ ಪತ್ರ, ಅವರ ಕಂಪನಿ ನೋಂದಣಿಯ ಪ್ರತಿ, ಆದಾಯ ತೆರಿಗೆ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೋ ವಿಮೆ ಇಷ್ಟು ಕೊಟ್ಟೆವು. ಶುಲ್ಕ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ನಿಯಮದ ಪ್ರಕಾರ 15 ದಿನದಲ್ಲಿ ತೀರ್ಮಾನ, ಆದರೆ 45 ದಿನದವರೆಗೂ ಎಳೆಯಬಹುದು. ಅದಕ್ಕಿಂತ ದೊಡ್ಡ ಕಷ್ಟ ಅಪಾಯಿಂಟ್‌ಮೆಂಟ್ ಸಿಗುವುದು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಆ ಅವಕಾಶ ಬಿಡಬೇಡಿ.

ಮೊದಲ ಸಲ ಹೋಗುವವರಿಗೆ ಸಾಮಾನ್ಯವಾಗಿ ಕೊಡುವುದು ಚಿಕ್ಕ ಅವಧಿಯ ವೀಸಾ. 2024ರ ಏಪ್ರಿಲ್‌ನಿಂದ ಭಾರತೀಯರಿಗೆ ಒಂದು ಅನುಕೂಲ ಬಂದಿದೆ. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದ್ದರೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ಸಿಗಬಹುದು, ಆಮೇಲೆ ಐದು ವರ್ಷದ್ದು. ಅಂದರೆ ಹೊಸಬರು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸೀಸನ್‌ಗೆ ಸಹಿ ಹಾಕಿದರೆ, ಒಂದೆರಡು ರೇಸ್ ಆದಮೇಲೆ ಮತ್ತೆ ಸಾಲಿನಲ್ಲಿ ನಿಲ್ಲಬೇಕಾಗಬಹುದು. ಸೀಟಿನ ಹಣ ಕಟ್ಟಿ, ಪಾಸ್‌ಪೋರ್ಟ್ ಯಾವುದೋ ಕಚೇರಿಯಲ್ಲಿ ಬಿದ್ದಿರುವಾಗ ಅಲ್ಲಿ ರೇಸ್ ನಡೆದುಹೋದರೆ? ಜೊತೆಗೆ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಅಲ್ಲೇ ಮನೆ ಮಾಡಿಕೊಂಡು ಟೆಸ್ಟ್ ಮಾಡುತ್ತಾ ಇರುವ ಕನಸು ಈ ವೀಸಾದಲ್ಲಿ ನಡೆಯುವುದಿಲ್ಲ.

ವಿಮೆ ಕೊಳ್ಳುವಾಗ ಚಿಕ್ಕ ಅಕ್ಷರದ ಸಾಲುಗಳನ್ನೂ ಓದಿ. ವೀಸಾಕ್ಕೆ ಸಾಕಾಗುವ ಪ್ರವಾಸ ವಿಮೆ ಮೋಟಾರ್ ರೇಸ್‌ನಲ್ಲಾದ ಗಾಯಕ್ಕೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ರೇಸಿಂಗ್‌ಗೆಂದೇ ಇರುವ ಅಪಘಾತ ವಿಮೆಯನ್ನು ನಾವು ಬೇರೆಯಾಗಿ ತೆಗೆದುಕೊಂಡೆವು. ಅಮ್ಮನಿಗೆ ಸಮಾಧಾನವಾಗಿದ್ದು ಆ ಒಂದು ಕಾಗದ ನೋಡಿಯೇ.

ಸಾಮಾನಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ತಮ್ಮನ ಸೂಟ್ ಮೋಟಾರ್ ಕ್ರೀಡೆಯ ವಿಶ್ವ ಸಂಸ್ಥೆ ಎಫ್‌ಐಎಯ ಹಳೇ ಸುರಕ್ಷತಾ ಗುರುತು 8856-2000 ಇದ್ದದ್ದು. ತಂಡ ಕೇಳಿದ್ದು 8856-2018. ಒಳಬಟ್ಟೆ, ಗ್ಲೌಸ್, ಶೂ ಎಲ್ಲ ಅದೇ ಗುರುತಿನದಾಗಬೇಕು. ಹೆಲ್ಮೆಟ್, ಕುತ್ತಿಗೆಗೆ ಪೆಟ್ಟಾಗದಂತೆ ಕಾಯುವ ಹ್ಯಾನ್ಸ್ ಸೇರಿ ಎರಡು ಲಕ್ಷ ದಾಟಿತು. ಹೆಲ್ಮೆಟ್ ಮತ್ತು ಹ್ಯಾನ್ಸ್ ಎರಡನ್ನೂ ಕೈಯಲ್ಲೇ ವಿಮಾನಕ್ಕೆ ತೆಗೆದುಕೊಂಡು ಹೋಗಿ, ಲಗೇಜಿಗೆ ಹಾಕಬೇಡಿ.

ಹಣ ಕಳಿಸುವಾಗ ಬ್ಯಾಂಕಿನಲ್ಲಿ ಅರ್ಧ ದಿನ ಹೋಯಿತು. ರೇಸ್ ಟೆಸ್ಟ್ ಅಂದರೆ ಯಾವ ಉದ್ದೇಶದ ಕೋಡ್ ಹಾಕಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಆದರೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಇಂಥ ಖರ್ಚಿನಲ್ಲಿ 20% ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. 40 ಲಕ್ಷ ಕಳಿಸಿದರೆ 6 ಲಕ್ಷ ಇನ್ನೂ ಹೆಚ್ಚಿಗೆ ಕೈಯಲ್ಲಿರಬೇಕು. ಅದು ಕಳೆದುಹೋಗುವ ಹಣವಲ್ಲ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಆಗುತ್ತದೆ, ಉಳಿದದ್ದು ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಸಿಕ್ಕಿಹಾಕಿಕೊಂಡಿರುತ್ತದೆ. ಮೊದಲೇ ಸಿಎ ಹತ್ತಿರ ಹೋಗಿ ಕೂತು ಮಾತಾಡಿ.

ಪ್ರಾಯೋಜಕರ ಕತೆ ಬೇಗ ಹೇಳಿಬಿಡುತ್ತೇನೆ. ಒಬ್ಬರು ಬಾಯಿಮಾತಿನಲ್ಲಿ ದೊಡ್ಡ ಮೊತ್ತ ಒಪ್ಪಿದ್ದರು. ಯೂರೋಪ್‌ನ ರೇಸ್ ನಮ್ಮ ಗಿರಾಕಿಗಳು ನೋಡಲ್ಲ ಅಂತ ಕೊನೆಯಲ್ಲಿ ಹಿಂದೆ ಸರಿದರು. ಬೇಜಾರಾಯಿತು, ಆದರೂ ಅವರ ಮಾತಿನಲ್ಲಿ ನಿಜವಿದೆ. ಇಲ್ಲಿನ ಹಣ ಬರುವುದು ಇಲ್ಲಿ ಕಾಣಿಸಿಕೊಂಡರೆ. ಇಲ್ಲಿನ ಚಾಂಪಿಯನ್‌ಷಿಪ್ ಪೂರ್ತಿ ಬಿಟ್ಟು ಹೋದರೆ ಇರುವ ಚಿಕ್ಕ ಪ್ರಾಯೋಜಕರೂ ಹೋಗುತ್ತಾರೆ.

ಕೊನೆಗೂ ವೀಸಾ ಬಂತು. ಟೆಸ್ಟ್‌ಗೆ ನಾನೂ ಜೊತೆಗೆ ಹೋಗಿದ್ದೆ. ಮಿಸಾನೊ ಇರುವುದು ರಿಮಿನಿ ಊರಿನ ಹತ್ತಿರ, ಸಮುದ್ರದ ಪಕ್ಕ. ಟ್ರ್ಯಾಕ್ 4.2 ಕಿಲೋಮೀಟರ್. ಬೆಳಿಗ್ಗೆ ಕೈ ಮರಗಟ್ಟುವ ಚಳಿ. ತಮ್ಮ ಕಾರಿನಲ್ಲಿ ಕೂತ ಕೂಡಲೇ ಎಡಗಡೆ ಸ್ಟಿಯರಿಂಗ್. ಹುಟ್ಟಿದಾಗಿನಿಂದ ಬಲಗಡೆ ಕೂತವನಿಗೆ ಬಲಬದಿಯ ಚಕ್ರ ಟ್ರ್ಯಾಕ್ ಅಂಚಿನ ಕರ್ಬ್‌ನಿಂದ ಎಷ್ಟು ದೂರವಿದೆ ಅನ್ನುವ ಅಂದಾಜೇ ಸಿಗಲಿಲ್ಲ. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಗೀರುಗಳಿಲ್ಲದ ನುಣುಪಾದ ಸ್ಲಿಕ್ ಟೈರ್ ಹಾಕಿದಾಗ ಮುಂದಿನವು ಬೇಗ ಬಿಸಿಯಾಗುತ್ತವೆ, ಹಿಂದಿನವು ಆಗುವುದಿಲ್ಲ. ಚೆನ್ನೈನ ಬಿಸಿಲಲ್ಲಿ ಅವನು ಇದನ್ನು ಯೋಚಿಸಬೇಕಾಗಿರಲೇ ಇಲ್ಲ. ಎರಡನೇ ಲ್ಯಾಪ್‌ನಲ್ಲೇ ಹಿಂಭಾಗ ಜಾರಿ ಗಾಡಿ ಸುತ್ತಿತು. ಪುಣ್ಯಕ್ಕೆ ಎಲ್ಲೂ ತಾಗಲಿಲ್ಲ. ಗೋಡೆಗೆ ತಾಗಿದ್ದರೆ ಕರಾರಿನ ಪ್ರಕಾರ ಒಂದು ನಿಗದಿತ ಮೊತ್ತದವರೆಗಿನ ಖರ್ಚೆಲ್ಲ ನಮ್ಮದೇ.

ಬೆಳಿಗ್ಗೆ ಅವರ ಸ್ವಂತ ಡ್ರೈವರ್‌ಗಿಂತ ಮೂರು ಸೆಕೆಂಡ್ ಹಿಂದೆ. ಎಂಜಿನಿಯರ್ ಇಬ್ಬರ ಡೇಟಾ ಒಂದರ ಮೇಲೊಂದು ಇಟ್ಟು ತೋರಿಸಿದರು. ತಿರುವಿನ ಮಧ್ಯದ ವೇಗದಲ್ಲಿ ತಮ್ಮ ಆ ಡ್ರೈವರ್‌ಗೆ ಸಮ, ಒಂದೆರಡು ಕಡೆ ಮೇಲು. ಕಳೆದುಕೊಳ್ಳುತ್ತಿದ್ದದ್ದೆಲ್ಲ ಬ್ರೇಕ್‌ನಲ್ಲಿ. ಕಡಿಮೆ ಶಕ್ತಿಯ ಕಾರಿನಲ್ಲಿ ವೇಗ ಉಳಿಸಿಕೊಳ್ಳಲು ಕಲಿತವನು ಬ್ರೇಕ್ ಮೆತ್ತಗೆ ಒತ್ತುತ್ತಿದ್ದ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲದ ಈ ಕಾರಿಗೆ ಮೊದಲ ಕ್ಷಣದಲ್ಲೇ ಪೂರ್ತಿ ಬಲ ಹಾಕಿ, ತಿರುವಿನೊಳಗೆ ಹೋಗುತ್ತಾ ನಿಧಾನವಾಗಿ ಬಿಡಬೇಕು. ಸಂಜೆ ಹೊತ್ತಿಗೆ ಅಂತರ ಒಂದು ಸೆಕೆಂಡಿನ ಹತ್ತಿರ ಬಂತು. ಅವನ ಮುಖದಲ್ಲಿ ಆವತ್ತು ಕಂಡ ಸಂತೋಷ ಚಾಂಪಿಯನ್ ಆದ ದಿನವೂ ಕಂಡಿರಲಿಲ್ಲ. "ಅಕ್ಕಾ, ನನಗೆ ಗೊತ್ತಿಲ್ಲದ್ದು ಇಷ್ಟೊಂದು ಇದೆ" ಅಂತ ಹೋಟೆಲ್‌ವರೆಗೂ ಅದೇ ಹೇಳುತ್ತಿದ್ದ.

ಆ ಒಂದು ಸೆಕೆಂಡು ನಮ್ಮ ಪ್ರಶ್ನೆಗೆ ಉತ್ತರ ಕೊಟ್ಟಿತು ಅಂತ ನನ್ನ ಭಾವನೆ. ಹೋಗಲೇಬೇಕು, ಅವನಲ್ಲಿ ಅದು ಇದೆ. ಆದರೆ ಅಂತರ ಇಷ್ಟಿರುವಾಗ ಒಂದೂವರೆ ಕೋಟಿ ಹಾಕಿ ಪೂರ್ತಿ ಸೀಸನ್ ಓಡಿದರೆ ಗ್ರಿಡ್ಡಿನ ಮಧ್ಯದಲ್ಲೇ ವರ್ಷ ಕಳೆದುಹೋಗುತ್ತದೆ, ಮರುವರ್ಷಕ್ಕೆ ಹಣವೂ ಇರುವುದಿಲ್ಲ. ಆದ್ದರಿಂದ ಅದೇ ತಂಡದ ಜೊತೆ ಸೀಸನ್ ಕೊನೆಯ ಎರಡು ರೇಸ್ ವಾರಾಂತ್ಯ ಮತ್ತು ಅದಕ್ಕೆ ಮುಂಚೆ ಇನ್ನೊಂದು ಟೆಸ್ಟ್ ಅಂತ ಮಾತಾಡಿದೆವು. ಇಲ್ಲಿನ ಸೀಟು ಬಿಡುವುದಿಲ್ಲ. ದಿನಾಂಕಗಳು ಡಿಕ್ಕಿ ಹೊಡೆಯದ ಹಾಗೆ ನೋಡಿಯೇ ಆ ಎರಡನ್ನು ಆರಿಸಿದ್ದು.

ಕರಾರಿಗೆ ಸಹಿ ಹಾಕುವ ಮೊದಲು ನಾನು ಹಿಡಿದು ಕೂತ ಅಂಶಗಳು ಇವು. ಅಪಘಾತದ ಖರ್ಚಿನಲ್ಲಿ ನಮ್ಮ ಪಾಲಿಗೆ ಗರಿಷ್ಠ ಮಿತಿ ಎಷ್ಟು, ಹೊಸ ಟೈರ್ ಎಷ್ಟು ಸೆಟ್ ಸೇರಿದೆ, ಎಂಜಿನ್ ಕೈಕೊಟ್ಟರೆ ಯಾರ ಖರ್ಚು, ಡೇಟಾ ಮತ್ತು ಕಾರಿನೊಳಗಿನ ವಿಡಿಯೋ ನಮಗೆ ಸಿಗುತ್ತದಾ, ವೀಸಾ ಸಿಗದಿದ್ದರೆ ಹಣ ವಾಪಸ್ಸಾ ಅಥವಾ ಮುಂದಿನ ರೇಸ್‌ಗೆ ಹೋಗುತ್ತದಾ. ವೀಸಾದ ಸಾಲನ್ನು ಸೇರಿಸಲು ಅವರು ಮೊದಲು ಒಪ್ಪಲಿಲ್ಲ. ಅವರ ಡ್ರೈವರ್‌ಗಳಿಗೆ ಆ ತೊಂದರೆಯೇ ಬರುವುದಿಲ್ಲ, ಹಾಗಾಗಿ ಯಾಕೆ ಬೇಕು ಅಂತಲೇ ಅವರಿಗೆ ಅರ್ಥವಾಗಿರಲಿಲ್ಲ. ವಿವರಿಸಿದ ಮೇಲೆ ಒಪ್ಪಿದರು. ಹಣ ಎರಡು ಕಂತಿನಲ್ಲಿ, ಎರಡನೆಯದು ವೀಸಾ ಬಂದ ಮೇಲೆ.

ಮುಂದಿನ ವರ್ಷ ಪೂರ್ತಿ ಸೀಸನ್ ಮಾಡಬೇಕಾ ಅನ್ನುವುದಕ್ಕೆ ಮನೆಯವರೆಲ್ಲ ಕೂತು ಎರಡು ಷರತ್ತು ಇಟ್ಟುಕೊಂಡಿದ್ದೇವೆ. ತಂಡದ ವೇಗದ ಡ್ರೈವರ್‌ಗಿಂತ ಅರ್ಧ ಸೆಕೆಂಡಿನೊಳಗೆ ಬರಬೇಕು. ಅರ್ಧದಷ್ಟಾದರೂ ಹಣ ಹೊರಗಿನಿಂದ ಬರಬೇಕು. ಎರಡರಲ್ಲಿ ಒಂದು ಆಗದಿದ್ದರೂ ಇನ್ನೊಂದು ವರ್ಷ ಹೀಗೇ ಬಿಡಿ ರೇಸ್‌ಗಳು. ಮಲೇಷ್ಯಾದ ಸೆಪಾಂಗ್, ಥಾಯ್ಲೆಂಡಿನ ಬುರಿರಾಮ್ ಕಡೆಯ ಟಿಸಿಆರ್ ತಂಡಗಳಿಗೂ ಬರೆದಿದ್ದೇನೆ, ಬೆಂಗಳೂರಿನಿಂದ ವಿಮಾನ ಖರ್ಚು ಅಲ್ಲಿಗೆ ತುಂಬ ಕಡಿಮೆ. ತುಮಕೂರಿನ ಸೈಟು ಹಾಗೇ ಇದೆ. ತಮ್ಮ ಈಗ ಮನೆಯ ಸಿಮ್ಯುಲೇಟರಿನಲ್ಲಿ ಎಡಗಡೆ ಕೂತ ನೋಟ ಇಟ್ಟುಕೊಂಡು ಬ್ರೇಕ್ ಅಭ್ಯಾಸ ಮಾಡುತ್ತಿದ್ದಾನೆ. ಎರಡನೇ ವೀಸಾಕ್ಕೆ ಅಪಾಯಿಂಟ್‌ಮೆಂಟ್ ಮುಂದಿನ ತಿಂಗಳು, ಮೊದಲ ಕಂತು ನಿನ್ನೆ ಹೋಯಿತು.